ಒಡೆಯಲಾರದ ಒಂದು ಸಂಖ್ಯೆ

ಪ್ರತಿವರ್ಷವೂ ತರಗತಿಯಲ್ಲಿ ಛಂದಸ್ಸನ್ನು ಪಾಠ ಹೇಳುವಾಗ ಒಂದು ಪ್ರಕರಣವನ್ನು ನಾನು ಬಿಟ್ಟುಬಿಡುವುದು ವಾಡಿಕೆ. ನಾಗವರ್ಮನ ‘ಛಂದೋಂಬುಧಿ’ಯಲ್ಲಿ ಬರುವ ಷಟ್‍ಪ್ರತ್ಯಯಗಳ ಪ್ರಕರಣ ಅದು. ಪ್ರಸ್ತಾರ, ನಷ್ಟ, ಉದ್ದಿಷ್ಟ ಮೊದಲಾದ ಆರು ಬಗೆಯ ಲೆಕ್ಕಗಳು ಅದರಲ್ಲಿವೆ. ಇಷ್ಟು ಅಕ್ಷರಗಳ ಪಾದದಲ್ಲಿ ಗುರುಲಘುಗಳನ್ನು ಎಷ್ಟು ರೀತಿಯಲ್ಲಿ ಜೋಡಿಸಬಹುದು, ಇಂಥ ಜೋಡಣೆ ಎಷ್ಟನೆಯದು ಎಂಬಂಥ ವಿಚಾರ. “ಇದು ಬರಿಯ ಲೆಕ್ಕ, ಕಾವ್ಯಕ್ಕೂ ಇದಕ್ಕೂ ನಂಟಿಲ್ಲ” ಎಂದು ಹೇಳಿ ಪುಟ ಮಗುಚುತ್ತಿದ್ದೆ. ನಿಜವಾದ ಕಾರಣ ಬೇರೆ. ಲೆಕ್ಕವೆಂದರೆ ನನಗೆ ಬಾಲ್ಯದಿಂದಲೂ ಭಯ.

ಹೋದ ವರ್ಷ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, “ನಂಟಿಲ್ಲದಿದ್ದರೆ ನಾಗವರ್ಮ ಅದನ್ನು ಏಕೆ ಬರೆದ, ಸರ್?” ಎಂದು ಕೇಳಿದಳು. ಸರಳವಾದ ಪ್ರಶ್ನೆ. ಉತ್ತರ ನನ್ನಲ್ಲಿರಲಿಲ್ಲ. ನಾಳೆ ಹೇಳುವೆನೆಂದು ತಪ್ಪಿಸಿಕೊಂಡು, ಆ ಸಂಜೆ ನಮ್ಮ ಕಾಲೇಜಿನ ಗಣಿತದ ಅಧ್ಯಾಪಕರಲ್ಲಿಗೆ ಹೋದೆ. ಅವರು ನನ್ನ ಅಳಲನ್ನು ಕೇಳಿ ನಕ್ಕು, “ಸ್ವಾಮಿ, ಎರಡನ್ನು ಎರಡರಿಂದಲೇ ಗುಣಿಸುತ್ತ ಹೋಗುವ ಉಪಾಯವನ್ನು ನಿಮ್ಮ ಪಿಂಗಳಾಚಾರ್ಯರು ಹೇಳಿದ್ದಾರಲ್ಲ, ಅದನ್ನು ನೂರಿಪ್ಪತ್ತೇಳು ಅಕ್ಷರದ ಪಾದಕ್ಕೆ ಹಚ್ಚಿ ನೋಡಿ. ಬಂದದ್ದರಲ್ಲಿ ಒಂದನ್ನು ಕಳೆಯಿರಿ. ಉಳಿದದ್ದರ ಕಥೆಯನ್ನು ಆಮೇಲೆ ಹೇಳುತ್ತೇನೆ” ಎಂದರು.

ಉಪಾಯವೇನೋ ಸುಲಭ. ಒಂದು ಅಕ್ಷರ ಗುರುವಾಗಬಹುದು ಅಥವಾ ಲಘುವಾಗಬಹುದು. ಆದ್ದರಿಂದ ಪ್ರತಿಯೊಂದು ಅಕ್ಷರ ಸೇರಿದಂತೆಯೂ ಪ್ರಸ್ತಾರದ ಸಾಲುಗಳು ಇಮ್ಮಡಿಯಾಗುತ್ತವೆ. ಮೂರು ಅಕ್ಷರಕ್ಕೆ ಎಂಟು. ಯ-ಮ-ತ-ರ-ಜ-ಭ-ನ-ಸ ಗಣಗಳು ಎಂಟಾದದ್ದು ಹೀಗೆ. ಆದರೆ 127 ಸಲ ಇಮ್ಮಡಿಸಬೇಕಾಗಿಲ್ಲ. ಅಕ್ಷರಗಳ ಎಣಿಕೆ ಸರಿಯಾಗಿದ್ದರೆ ಅರ್ಧ ಮಾಡು, ಬೆಸವಾಗಿದ್ದರೆ ಒಂದನ್ನು ಕಳೆ; ಹೀಗೆ ಸೊನ್ನೆಯವರೆಗೆ ಇಳಿದು, ಬಂದ ದಾರಿಯಲ್ಲೇ ಮರಳಿ ಏರುವಾಗ, ಕಳೆದಲ್ಲಿ ಇಮ್ಮಡಿಸು, ಅರ್ಧ ಮಾಡಿದಲ್ಲಿ ವರ್ಗ ಮಾಡು ಎಂಬುದು ಪಿಂಗಳನ ಸೂತ್ರಗಳ ತಾತ್ಪರ್ಯ. 127ರಿಂದ ಸೊನ್ನೆಗೆ ಇಳಿಯಲು ಹದಿಮೂರೇ ಹೆಜ್ಜೆ. ಆ ಹದಿಮೂರು ಮೆಟ್ಟಿಲನ್ನು ಏರುವುದರಲ್ಲಿ ನನಗೆ ಎರಡು ರಾತ್ರಿ ಕಳೆದುವು, ನಾಲ್ಕು ಸಲ ತಪ್ಪಿತು. ಕೊನೆಗೆ ಕಾಗದದ ಮೇಲೆ ನಿಂತ ಸಂಖ್ಯೆ ಇದು:

170141183460469231731687303715884105727

ಮೂವತ್ತೊಂಬತ್ತು ಅಂಕಿಗಳು. 127 ಅಕ್ಷರದ ಪಾದಕ್ಕೆ ಯಾರಾದರೂ ಪ್ರಸ್ತಾರ ಹಾಕಿದರೆ, ಮೊದಲನೆಯ ಸರ್ವಗುರು ಸಾಲೊಂದನ್ನು ಬಿಟ್ಟು ಉಳಿಯುವ ಸಾಲುಗಳ ಎಣಿಕೆ ಇದು. ಇದಕ್ಕೆ ಒಂದು ಮತ್ತು ತಾನು ಅಲ್ಲದೆ ಬೇರೆ ಯಾವ ಭಾಜಕವೂ ಇಲ್ಲ. ಅರ್ಥಾತ್, ಇದೊಂದು ಅವಿಭಾಜ್ಯ ಸಂಖ್ಯೆ. ಮನುಷ್ಯನು ಯಂತ್ರದ ನೆರವಿಲ್ಲದೆ ತನ್ನ ಕೈಯಿಂದಲೇ ಪರೀಕ್ಷಿಸಿ ಅವಿಭಾಜ್ಯವೆಂದು ಸಾಧಿಸಿದ ಸಂಖ್ಯೆಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ.

ಎರಡರ ಘಾತದಲ್ಲಿ ಒಂದನ್ನು ಕಳೆದರೆ ಬರುವ ಸಂಖ್ಯೆಗಳ ಮೇಲೆ ಗಣಿತಜ್ಞರಿಗೆ ಬಹುಕಾಲದಿಂದ ಮೋಹ. 3, 7, 31, 127 ಇವು ಅಂಥವು, ಇವೆಲ್ಲ ಅವಿಭಾಜ್ಯಗಳೇ. ಇವುಗಳಿಂದ ‘ಪರಿಪೂರ್ಣ ಸಂಖ್ಯೆ’ಗಳು ಹುಟ್ಟುತ್ತವೆಂದು ಯೂಕ್ಲಿಡನು ತೋರಿಸಿದ್ದ. ತನ್ನನ್ನು ಬಿಟ್ಟು ತನ್ನ ಭಾಜಕಗಳನ್ನೆಲ್ಲ ಕೂಡಿದರೆ ತಾನೇ ಬರುವ ಸಂಖ್ಯೆ ಪರಿಪೂರ್ಣ: 6 ಎಂದರೆ 1, 2, 3ರ ಮೊತ್ತ. ಮೂರನ್ನು ಎರಡರಿಂದ ಗುಣಿಸಿದರೆ 6. ಏಳನ್ನು ನಾಲ್ಕರಿಂದ ಗುಣಿಸಿದರೆ 28. ನೂರಿಪ್ಪತ್ತೇಳನ್ನು ಅರವತ್ತನಾಲ್ಕರಿಂದ ಗುಣಿಸಿದರೆ 8128. ನಮ್ಮ ಮೂವತ್ತೊಂಬತ್ತು ಅಂಕಿಯ ಸಂಖ್ಯೆಯಿಂದಲೂ ಹೀಗೆಯೇ ಎಪ್ಪತ್ತೇಳು ಅಂಕಿಗಳ ಒಂದು ಪರಿಪೂರ್ಣ ಸಂಖ್ಯೆ ಹುಟ್ಟುತ್ತದೆ.

ಘಾತಾಂಕವು ಅವಿಭಾಜ್ಯವಾಗಿದ್ದರೆ ಸಾಕು, ಇಂಥ ಸಂಖ್ಯೆಯೂ ಅವಿಭಾಜ್ಯವಾಗುತ್ತದೆಂದು ಮೊದಮೊದಲು ತೋರೀತು. ಹಾಗಿಲ್ಲ. ಎರಡನ್ನು ಹನ್ನೊಂದು ಸಲ ಇಟ್ಟು ಗುಣಿಸಿ ಒಂದನ್ನು ಕಳೆದರೆ 2047. ಅದು 23 ಮತ್ತು 89ರ ಗುಣಲಬ್ಧ. ಹಾಗಾದರೆ ಯಾವುವು ಉಳಿಯುತ್ತವೆ, ಯಾವುವು ಒಡೆಯುತ್ತವೆ? ಫ್ರಾನ್ಸಿನ ಕ್ರೈಸ್ತ ಸಂನ್ಯಾಸಿ ಮೆರ್ಸೆನ್ 1644ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಇದಕ್ಕೆ ಉತ್ತರ ಕೊಟ್ಟ. 257ರವರೆಗಿನ ಘಾತಾಂಕಗಳಲ್ಲಿ 2, 3, 5, 7, 13, 17, 19, 31, 67, 127, 257 ಇವು ಮಾತ್ರ ಅವಿಭಾಜ್ಯಗಳನ್ನು ಕೊಡುತ್ತವೆ ಎಂದ. ಹೇಗೆ ತಿಳಿಯಿತೆಂದು ಹೇಳಲಿಲ್ಲ. ಯುರೋಪಿನ ಪಂಡಿತರೆಲ್ಲರೊಡನೆ ಪತ್ರವ್ಯವಹಾರವಿದ್ದ ದೊಡ್ಡ ಮನುಷ್ಯ. ಹೇಳಿದ ಮಾತು ನಿಂತಿತು. ಈ ಜಾತಿಯ ಸಂಖ್ಯೆಗಳಿಗೆ ಇಂದಿಗೂ ಅವನದೇ ಹೆಸರು. 1772ರಲ್ಲಿ ಆಯ್ಲರ್ 31ರ ಮಾತನ್ನು ಸಾಧಿಸಿದ: 2147483647 ಅವಿಭಾಜ್ಯವೆಂದು ನಿಶ್ಚಯವಾಯಿತು. ಅದರ ಮುಂದಿನವು ನೂರು ವರ್ಷ ಹಾಗೆಯೇ ಉಳಿದುವು.

ಏಕೆ ಉಳಿದುವೆಂಬುದನ್ನು ಊಹಿಸುವುದು ಕಷ್ಟವಲ್ಲ. ಒಂದು ಸಂಖ್ಯೆ ಅವಿಭಾಜ್ಯವೇ ಎಂದು ನೋಡಲು ನಾವು ಶಾಲೆಯಲ್ಲಿ ಕಲಿತ ದಾರಿ ಒಂದೇ: ಅದರ ವರ್ಗಮೂಲದವರೆಗಿನ ಸಂಖ್ಯೆಗಳಿಂದ ಭಾಗಿಸುತ್ತ ಹೋಗುವುದು. ನಮ್ಮ ಸಂಖ್ಯೆಯ ವರ್ಗಮೂಲಕ್ಕೆ ಇಪ್ಪತ್ತು ಅಂಕಿಗಳು. ಸೆಕೆಂಡಿಗೆ ಒಂದರಂತೆ ಭಾಗಿಸುತ್ತ ಕುಳಿತರೆ ಹೆಚ್ಚುಕಡಿಮೆ ನಲವತ್ತು ಸಾವಿರ ಕೋಟಿ ವರ್ಷಗಳಾಗುತ್ತವೆ. ಇದಕ್ಕೆ ಭಾಜಕವೊಂದು ಇದ್ದರೆ ಅದನ್ನು 254ರಿಂದ ಭಾಗಿಸಿದಾಗ ಒಂದು ಉಳಿಯಲೇಬೇಕೆಂಬ ನಿಯಮವುಂಟು. ಅದರಿಂದ ಕೆಲಸ ಬಹಳ ಕಡಿಮೆಯಾಗುತ್ತದೆ. ಆದರೂ ನೂರ ಅರವತ್ತು ಕೋಟಿ ವರ್ಷ! ಹೀಗೆ ಭಾಗಿಸಿ ತಿಳಿಯುವುದು ಮನುಷ್ಯನ ಆಯುಸ್ಸಿಗೆ ಮೀರಿದ್ದು. ಭಾಗಿಸದೆಯೇ ತಿಳಿಯುವ ಉಪಾಯ ಬೇಕು.

ಆ ಉಪಾಯವನ್ನು ಕಂಡವನು ಎದುವಾರ್ ಲ್ಯೂಕಾ. 1842ರಲ್ಲಿ ಫ್ರಾನ್ಸಿನ ಅಮಿಯಾಂ ಪಟ್ಟಣದಲ್ಲಿ ಹುಟ್ಟಿ, ಮುಂದೆ ಪ್ಯಾರಿಸ್ಸಿನ ಪ್ರೌಢ ವಿದ್ಯಾಲಯಗಳಲ್ಲಿ ಹುಡುಗರಿಗೆ ಗಣಿತ ಹೇಳಿಕೊಡುತ್ತಿದ್ದ ಮೇಷ್ಟರು. ಮೂರು ಕಂಬಗಳ ಮೇಲೆ ತೂತುಬಿಲ್ಲೆಗಳನ್ನು ಒಂದೊಂದಾಗಿ ಸಾಗಿಸುವ ‘ಹನೋಯಿ ಗೋಪುರ’ದ ಆಟವನ್ನು ಮಕ್ಕಳು ಇಂದಿಗೂ ಆಡುತ್ತಾರಷ್ಟೆ. 1883ರಲ್ಲಿ ಅದನ್ನು ಬಳಕೆಗೆ ತಂದವನು ಇವನೇ. ಕಾಶಿಯ ದೇವಾಲಯವೊಂದರಲ್ಲಿ ಅರವತ್ತನಾಲ್ಕು ಚಿನ್ನದ ಬಿಲ್ಲೆಗಳನ್ನು ಪೂಜಾರಿಗಳು ಸಾಗಿಸುತ್ತಿದ್ದಾರೆ, ಮುಗಿದಾಗ ಪ್ರಳಯವಾಗುತ್ತದೆ ಎಂಬ ಕಥೆಯೂ ಆ ಆಟದೊಡನೆ ಹಬ್ಬಿತು. ಕಾಶಿಯಲ್ಲಿ ಅಂಥ ಗುಡಿಯಿಲ್ಲ. ಅದು ಪ್ಯಾರಿಸ್ಸಿನ ಕಲ್ಪನೆ. ಆದರೆ ಆಟದ ಲೆಕ್ಕ ಸುಳ್ಳಲ್ಲ. ಬಿಲ್ಲೆಗಳು ಎಷ್ಟಿವೆಯೋ ಅಷ್ಟು ಸಲ ಎರಡನ್ನು ಗುಣಿಸಿ ಒಂದನ್ನು ಕಳೆದರೆ ಬೇಕಾಗುವ ನಡೆಗಳ ಎಣಿಕೆ ಬರುತ್ತದೆ. ಬಿಲ್ಲೆಗಳು 127 ಇದ್ದರೆ ನಡೆಗಳು ನಮ್ಮ ಸಂಖ್ಯೆಯೇ.

ಇನ್ನು ನನ್ನನ್ನು ಬೆರಗುಗೊಳಿಸಿದ ಭಾಗ. ಲ್ಯೂಕಾ ತನ್ನ ಪರೀಕ್ಷೆಗೆ ಸಾಧನವಾಗಿ ಹಿಡಿದದ್ದು 1, 2, 3, 5, 8, 13 ಎಂದು, ಹಿಂದಿನ ಎರಡನ್ನು ಕೂಡಿದರೆ ಮುಂದಿನದು ಬರುವ ಸರಣಿಯನ್ನು ಮತ್ತು ಅದರ ಒಡಹುಟ್ಟನ್ನು. ಇಟಲಿಯ ಫಿಬೊನಾಚಿಯ 1202ರ ಗ್ರಂಥದಲ್ಲಿ ಅದು ಬರುವುದರಿಂದ ಅವನ ಹೆಸರನ್ನು ಆ ಸರಣಿಗೆ ರೂಢಿಮಾಡಿದವನೂ ಲ್ಯೂಕಾನೇ. ಗಣಿತದ ಮಿತ್ರರು ಅದನ್ನು ಹಲಗೆಯ ಮೇಲೆ ಬರೆದಾಗ ನಾನು ಕುರ್ಚಿಯಿಂದ ಎದ್ದೆ. ಇದು ನಮ್ಮ ಮಾತ್ರಾಗಣಗಳ ಲೆಕ್ಕವಲ್ಲವೇ! ಮೂರು ಮಾತ್ರೆಯ ಗಣದ ರೂಪಗಳು ಮೂರು. ಕಂದಪದ್ಯದ ನಾಲ್ಕು ಮಾತ್ರೆಯ ಗಣಕ್ಕೆ ಐದು ರೂಪಗಳೆಂದು ಪ್ರತಿವರ್ಷವೂ ಹಲಗೆಯ ಮೇಲೆ ಬರೆದು ತೋರಿಸಿದವನು ನಾನೇ. ವಾರ್ಧಕ ಷಟ್ಪದಿಯ ಐದು ಮಾತ್ರೆಯ ಗಣಕ್ಕೆ ಎಂಟು. ಕಾರಣ ಸ್ಪಷ್ಟ: ಗಣದ ಕೊನೆಯಲ್ಲಿ ಲಘುವಿದ್ದರೆ ಉಳಿದದ್ದು ಒಂದು ಮಾತ್ರೆ ಕಡಿಮೆಯಾದ ಗಣ, ಗುರುವಿದ್ದರೆ ಎರಡು ಮಾತ್ರೆ ಕಡಿಮೆಯಾದ ಗಣ, ಎರಡರ ಎಣಿಕೆಯನ್ನೂ ಕೂಡಬೇಕು. ವಿರಹಾಂಕನೂ, ಹನ್ನೆರಡನೆಯ ಶತಮಾನದ ಹೇಮಚಂದ್ರನೂ ಈ ನಿಯಮವನ್ನು ಫಿಬೊನಾಚಿಗಿಂತ ಮುಂಚೆ ತಿಳಿದಿದ್ದರು. ಇಪ್ಪತ್ತು ವರ್ಷ ಮೂರು, ಐದು, ಎಂಟು ಎಂದು ಬರೆದ ನನಗೆ ಮೂರೂ ಐದೂ ಸೇರಿ ಎಂಟೆಂಬುದು ಕಾಣಿಸಿರಲಿಲ್ಲ.

ಲ್ಯೂಕಾ ಒಡಹುಟ್ಟಿನ ಸರಣಿಯನ್ನು 1, 3ರಿಂದ ಆರಂಭಿಸುತ್ತಾನೆ, ನಿಯಮ ಅದೇ. 1, 3, 4, 7, 11, 18, 29, 47 ಹೀಗೆ. ಇದರ ಎರಡನೆಯ, ನಾಲ್ಕನೆಯ, ಎಂಟನೆಯ, ಹದಿನಾರನೆಯ ಪದಗಳನ್ನು ಮಾತ್ರ ಆರಿಸಿಕೊಂಡರೆ 3, 7, 47, 2207. ಇವುಗಳಲ್ಲಿ ಒಂದರಿಂದ ಮುಂದಿನದಕ್ಕೆ ಹೋಗಲು ವರ್ಗ ಮಾಡಿ ಎರಡನ್ನು ಕಳೆದರೆ ಸಾಕು. ಮೂರರ ವರ್ಗ ಒಂಬತ್ತು, ಎರಡು ಕಳೆದರೆ ಏಳು. ಏಳರ ವರ್ಗ ನಲವತ್ತೊಂಬತ್ತು, ಎರಡು ಕಳೆದರೆ ನಲವತ್ತೇಳು. ಪಿಂಗಳನ ವರ್ಗದ ಮೆಟ್ಟಿಲಿಗೂ ಇದಕ್ಕೂ ಹೋಲಿಕೆಯಿದೆ: ಒಂದೊಂದು ವರ್ಗವೂ ಸರಣಿಯಲ್ಲಿ ಕ್ರಮಿಸಿದ ದಾರಿಯನ್ನು ಇಮ್ಮಡಿ ಮಾಡುತ್ತದೆ.

ಪರೀಕ್ಷೆ ಹೀಗೆ. ಘಾತಾಂಕವು ನಾಲ್ಕರಿಂದ ಭಾಗಿಸಿದಾಗ ಮೂರು ಉಳಿಯುವಂಥ ಅವಿಭಾಜ್ಯವಾಗಿರಲಿ. 7, 11, 67, 127 ಇವು ಅಂಥವು. ಮೂರರಿಂದ ಹೊರಟು ವರ್ಗ ಮಾಡಿ ಎರಡು ಕಳೆಯುತ್ತ, ಪರೀಕ್ಷಿಸಬೇಕಾದ ಸಂಖ್ಯೆಯಿಂದ ಪ್ರತಿ ಹೆಜ್ಜೆಯಲ್ಲೂ ಭಾಗಿಸಿ ಶೇಷವನ್ನು ಮಾತ್ರ ಇಟ್ಟುಕೊಳ್ಳಬೇಕು. ಘಾತಾಂಕಕ್ಕಿಂತ ಒಂದು ಕಡಿಮೆಯಾದ ಪದದಲ್ಲಿ ಶೇಷ ಸೊನ್ನೆಯಾದರೆ ಸಂಖ್ಯೆ ಅವಿಭಾಜ್ಯ, ಆಗದಿದ್ದರೆ ಅಲ್ಲ. ಏಳನೆಯ ಘಾತದಿಂದ ಬರುವ 127ನ್ನು ಓದುಗರೇ ಪರೀಕ್ಷಿಸಿ ನೋಡಬಹುದು. ಮೊದಲ ಪದಗಳು 3, 7, 47. ನಲವತ್ತೇಳರಿಂದ 2207, ಅದನ್ನು 127ರಿಂದ ಭಾಗಿಸಿದರೆ ಶೇಷ 48. ನಲವತ್ತೆಂಟರ ವರ್ಗದಲ್ಲಿ ಎರಡು ಕಳೆದರೆ 2302, ಶೇಷ 16. ಹದಿನಾರರ ವರ್ಗದಲ್ಲಿ ಎರಡು ಕಳೆದರೆ 254. ಅದು 127ರ ಎರಡರಷ್ಟು, ಶೇಷ ಸೊನ್ನೆ. ಆರನೆಯ ಪದ! 127 ಅವಿಭಾಜ್ಯ. ಇದೇ ಕ್ರಮವನ್ನು 2047ಕ್ಕೆ ಹಚ್ಚಿದರೆ ಹತ್ತನೆಯ ಪದದಲ್ಲಿ 1034 ಉಳಿಯುತ್ತದೆ. ಆದ್ದರಿಂದ ಅದು ಒಡೆಯುವ ಸಂಖ್ಯೆ. 23 ಮತ್ತು 89 ಎಂಬ ಹೆಸರುಗಳು ನಮಗೆ ಬೇಕಾಗಲೇ ಇಲ್ಲ ಎಂಬುದನ್ನು ಗಮನಿಸಬೇಕು.

ಮೂವತ್ತೊಂಬತ್ತು ಅಂಕಿಯ ಸಂಖ್ಯೆಗೆ ಹೀಗೆ 126ನೆಯ ಪದದವರೆಗೆ ಹೋಗಬೇಕು. ನೂರ ಅರವತ್ತು ಕೋಟಿ ವರ್ಷ ಬೇಕಾಗಿದ್ದ ಕೆಲಸ ನೂರಿಪ್ಪತ್ತೈದು ಹೆಜ್ಜೆಗಳಿಗೆ ಇಳಿಯಿತು. ಆದರೂ ಒಂದೊಂದು ಹೆಜ್ಜೆಯೂ ಘೋರವಾದ ಗುಣಾಕಾರ. ಅದಕ್ಕಾಗಿ ಲ್ಯೂಕಾ ಒಂದು ಮಣೆಯನ್ನು ವರ್ಣಿಸಿದ್ದಾನೆ: ಚದುರಂಗದ ಹಲಗೆಯಂಥದು, ಒಂದೊಂದು ಬದಿಗೂ 127 ಮನೆಗಳು. ಸಂಖ್ಯೆಗಳನ್ನು ಹತ್ತರ ಬದಲು ಎರಡರ ಸ್ಥಾನಗಳಲ್ಲಿ ಬರೆದರೆ ಬೇಕಾಗುವ ಚಿಹ್ನೆಗಳು ಗುರುಲಘುಗಳಂತೆ ಎರಡೇ. ಮನೆಯಲ್ಲಿ ಕಾಯಿ ಇದೆ ಅಥವಾ ಇಲ್ಲ. ಹಾಗೆ ಬರೆದಾಗ ನಮ್ಮ ಸಂಖ್ಯೆ ಎಂದರೆ ಒಂದೇ ಸಾಲಿನಲ್ಲಿ ನೂರಿಪ್ಪತ್ತೇಳು ಕಾಯಿಗಳು. ಅದರಿಂದ ಭಾಗಿಸುವುದೂ ಸುಲಭ. ಒಂಬತ್ತರಿಂದ ಭಾಗಿಸಿದ ಶೇಷವನ್ನು ತಿಳಿಯಲು ಅಂಕಿಗಳನ್ನು ಕೂಡಿದರೆ ಸಾಲುವಂತೆ, ಇಲ್ಲಿ ಎಡಗಡೆ 127 ಮನೆಗಳನ್ನು ಮೀರಿ ಹೊರಬಿದ್ದ ಕಾಯಿಯನ್ನು ತಂದು ಅದೇ ಸಾಲಿನ ಬಲತುದಿಯಿಂದ ಮತ್ತೆ ಇಟ್ಟರಾಯಿತು. ಬಳಿಕ ಒಂದೇ ಕಂಬಸಾಲಿನಲ್ಲಿ ಎರಡು ಕಾಯಿ ಕಂಡಲ್ಲಿ ಎರಡನ್ನೂ ತೆಗೆದು ಎಡದ ಸಾಲಿಗೆ ಒಂದನ್ನು ಇಡುವುದು. ಮಕ್ಕಳ ಆಟದಷ್ಟು ಸರಳ. ಆದರೆ ಎಲ್ಲಿಯೂ ಒಂದು ಕಾಯಿ ತಪ್ಪಬಾರದು.

1876ರಲ್ಲಿ ಲ್ಯೂಕಾ ತನ್ನ ಫಲಿತಾಂಶವನ್ನು ಪ್ರಕಟಿಸಿದ. 127ರ ವಿಷಯದಲ್ಲಿ ಮೆರ್ಸೆನ್ ಹೇಳಿದ್ದು ನಿಜ. ಅದೇ ವರ್ಷ ಇನ್ನೊಂದು ಮಾತನ್ನೂ ಹೇಳಿದ: 67ರ ವಿಷಯದಲ್ಲಿ ಮೆರ್ಸೆನ್ ಹೇಳಿದ್ದು ತಪ್ಪು. ಆ ಸಂಖ್ಯೆ ಒಡೆಯುತ್ತದೆ. ಯಾವ ತುಂಡುಗಳಾಗಿ ಒಡೆಯುತ್ತದೆಂಬುದು ಮಾತ್ರ ಲ್ಯೂಕಾನಿಗೂ ತಿಳಿಯದು. ಒಡೆಯುವುದೆಂದು ಖಚಿತ, ತುಂಡುಗಳು ಅಜ್ಞಾತ. ಇಂಥ ಜ್ಞಾನವೂ ಒಂದುಂಟೆಂದು ನನಗೆ ಮೊದಲು ನಂಬಲಾಗಲಿಲ್ಲ. ಇಪ್ಪತ್ತೇಳು ವರ್ಷಗಳ ಮೇಲೆ, 1903ರ ಅಕ್ಟೋಬರಿನಲ್ಲಿ, ನ್ಯೂಯಾರ್ಕಿನಲ್ಲಿ ಸೇರಿದ್ದ ಅಮೆರಿಕದ ಗಣಿತ ಸಂಘದ ಸಭೆಯಲ್ಲಿ ಫ್ರಾಂಕ್ ಕೋಲ್ ಎಂಬುವನು ಆ ತುಂಡುಗಳನ್ನು ಮುಂದಿಟ್ಟ: 193707721 ಮತ್ತು 761838257287. ಒಂದು ಮಾತೂ ಆಡದೆ ಹಲಗೆಯ ಒಂದು ಕಡೆ ಎರಡರ ಘಾತವನ್ನು ಬರೆದು ಒಂದನ್ನು ಕಳೆದು, ಇನ್ನೊಂದು ಕಡೆ ಇವೆರಡನ್ನು ಗುಣಿಸಿ, ಎರಡೂ ಒಂದೇ ಎಂದು ತೋರಿಸಿ ಕುಳಿತನೆಂದೂ, ಸಭೆ ಚಪ್ಪಾಳೆ ತಟ್ಟಿತೆಂದೂ, ಇದಕ್ಕೆ ಮೂರು ವರ್ಷದ ಭಾನುವಾರಗಳು ಹಿಡಿದುವೆಂದೂ ಹೇಳಿಕೆಯುಂಟು.

ಮೆರ್ಸೆನ್ನನ ಪಟ್ಟಿ ಅಷ್ಟಕ್ಕೇ ಉಳಿಯಲಿಲ್ಲ. ಪೆರ್ವುಶಿನ್ ಎಂಬ ರಷ್ಯದ ಪಾದ್ರಿ 1883ರಲ್ಲಿ 61ನ್ನು ಸೇರಿಸಿದ. ಪವರ್ಸ್ ಎಂಬ ಅಮೆರಿಕನ್ 1911ರಲ್ಲಿ 89ನ್ನೂ 1914ರಲ್ಲಿ 107ನ್ನೂ ಸೇರಿಸಿದ. ಕೊನೆಯ 257 ಕೂಡ ನಿಲ್ಲಲಿಲ್ಲ. ಒಟ್ಟು ಐದು ತಪ್ಪುಗಳು. ದೊಡ್ಡವರ ಮಾತೆಂದು ಎರಡು ಶತಮಾನಕ್ಕೂ ಹೆಚ್ಚು ಕಾಲ ನಿಂತದ್ದನ್ನು ಒಬ್ಬ ಶಾಲಾ ಮೇಷ್ಟರು, ಒಬ್ಬ ಪಾದ್ರಿ ಇಂಥವರು ಲೆಕ್ಕ ಮಾಡಿ ತಿದ್ದಿದರು. ಲ್ಯೂಕಾನ ಮಾತನ್ನಾದರೂ ಲೋಕ ಸುಮ್ಮನೆ ಒಪ್ಪಲಿಲ್ಲ. ಫೋಕಂಬೆರ್ಗ್ ಎಂಬ ಫ್ರೆಂಚನು ಅದೇ 127ರ ಲೆಕ್ಕವನ್ನು 1914ರಲ್ಲಿ ಮತ್ತೆ ಮಾಡಿ ನೋಡಿ, ಸರಿಯೆಂದ ಮೇಲೆಯೇ ಸಂಶಯಕ್ಕೆ ಎಡೆಯಿಲ್ಲದಾಯಿತು. ಆ ಹೊತ್ತಿಗೆ ಲ್ಯೂಕಾ ಇರಲಿಲ್ಲ. ಔತಣಕೂಟವೊಂದರಲ್ಲಿ ಪರಿಚಾರಕನ ಕೈಜಾರಿ ಒಡೆದ ತಟ್ಟೆಯ ಚೂರು ಕೆನ್ನೆಗೆ ತಾಗಿ, ಗಾಯ ವಿಷಮಿಸಿ, 1891ರ ಅಕ್ಟೋಬರಿನಲ್ಲಿ, ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಮಾತ್ರಾಗಣದ ಸರಣಿ ಫ್ರಾನ್ಸಿನ ಲೆಕ್ಕದಲ್ಲಿ ಕಂಡಿತೆಂದು, “ಇದೆಲ್ಲ ನಮ್ಮವರಿಗೆ ಗೊತ್ತಿತ್ತು” ಎಂದು ಎದೆ ತಟ್ಟಿಕೊಳ್ಳುವ ಚಾಪಲ್ಯ ನನಗೂ ಬಂದಿತ್ತು. ಗಣಿತದ ಮಿತ್ರರು ತಡೆದರು. ಛಂದಶ್ಶಾಸ್ತ್ರಕಾರರು ಕೇಳಿದ ಪ್ರಶ್ನೆ ‘ಎಷ್ಟು ರೂಪಗಳು?’ ಎಂಬುದು, ಅದಕ್ಕೆ ಅವರು ಸೊಗಸಾದ ಉತ್ತರ ಕಂಡರು. ‘ಈ ಎಣಿಕೆ ಒಡೆಯುತ್ತದೆಯೇ?’ ಎಂಬುದು ಅವರ ಪ್ರಶ್ನೆಯಲ್ಲ. ಲ್ಯೂಕಾ ಅವರನ್ನು ಓದಿ ಕಲಿತವನೂ ಅಲ್ಲ. ಎರಡು ದಾರಿಗಳು ಬೇರೆ ಬೇರೆ ಊರಿನಿಂದ ಹೊರಟು ಒಂದೇ ಸಂಖ್ಯೆಗಳ ಬಳಿ ಕೂಡಿದುವು. ಇಲ್ಲದ ಗುರುತ್ವವನ್ನು ಹೊರಿಸಿದರೆ ಪಿಂಗಳ, ಹೇಮಚಂದ್ರರ ಗೌರವ ಹೆಚ್ಚುವುದಿಲ್ಲ. ಅವರು ನಿಜವಾಗಿ ಮಾಡಿದ್ದನ್ನು ಓದದೆ ಬಿಟ್ಟರೆ ಕಡಿಮೆಯಾಗುತ್ತದೆ. ಬಿಟ್ಟವನು ನಾನೇ ಆದ್ದರಿಂದ ಈ ಮಾತನ್ನು ಹೇಳುವ ಹಕ್ಕು ನನಗಿದೆ.

ಎಪ್ಪತ್ತೈದು ವರ್ಷ, 1876ರಿಂದ 1951ರವರೆಗೆ, ಲೋಕಕ್ಕೆ ತಿಳಿದಿದ್ದ ಅವಿಭಾಜ್ಯಗಳಲ್ಲಿ ಇದೇ ಹಿರಿಯದು. 1951ರಲ್ಲಿ ಲೆಕ್ಕದ ಯಂತ್ರಗಳು ಬಂದುವು. ಕೇಂಬ್ರಿಜ್ಜಿನಲ್ಲಿ ಮಿಲ್ಲರ್ ಮತ್ತು ವೀಲರ್ ಎಂಬುವರು ಎಪ್ಪತ್ತೊಂಬತ್ತು ಅಂಕಿಗಳ ಅವಿಭಾಜ್ಯವನ್ನು ಕಂಡರು. ಅದನ್ನು ಕಟ್ಟಿದ್ದು ಹಳೆಯದರ ಮೇಲೆಯೇ: ಲ್ಯೂಕಾನ ಸಂಖ್ಯೆಯ ವರ್ಗವನ್ನು 180ರಿಂದ ಗುಣಿಸಿ ಒಂದನ್ನು ಕೂಡಿದರೆ ಅದು ಬರುತ್ತದೆ. ಮುಂದಿನ ಕಥೆ ಯಂತ್ರಗಳದು. 2024ರ ಅಕ್ಟೋಬರಿನಲ್ಲಿ ಅಮೆರಿಕದ ಲೂಕ್ ಡುರಾಂಟ್ ಕಂಡ ಅವಿಭಾಜ್ಯಕ್ಕೆ ಅಂಕಿಗಳೇ 41024320. ಎರಡರ 136279841ನೆಯ ಘಾತದಲ್ಲಿ ಒಂದು ಕಡಿಮೆ. ಅದನ್ನು ಕೊನೆಗೆ ದೃಢಪಡಿಸಿದ್ದು ಲ್ಯೂಕಾನ ಪರೀಕ್ಷೆಯಿಂದಲೇ. ಲೆಹ್ಮರ್ ಎಂಬ ಅಮೆರಿಕನ್ ಪಂಡಿತನು 1930ರ ಸುಮಾರಿಗೆ ಅದನ್ನು ತಿದ್ದಿ, ಮೂರರ ಬದಲು ನಾಲ್ಕರಿಂದ ಹೊರಡುವಂತೆ ಮಾಡಿದ್ದನಷ್ಟೆ. ವರ್ಗ ಮಾಡು, ಎರಡು ಕಳೆ, ಶೇಷ ನೋಡು.

‘ಇದರಿಂದ ಏನು ಪ್ರಯೋಜನ?’ ಎಂದು ಕೇಳುವವರಿದ್ದಾರೆ. ಕಾವ್ಯದ ಅಧ್ಯಾಪಕನಿಗೆ ಈ ಪ್ರಶ್ನೆ ಹೊಸದಲ್ಲ. ಪ್ರಯೋಜನವೂ ಉಂಟು: ಗುಟ್ಟಿನ ಮಾತನ್ನು ಅನ್ಯರಿಗೆ ತಿಳಿಯದಂತೆ ಕಳುಹಿಸಲು 2015ರಲ್ಲಿ ರಚಿತವಾದ ‘ಫೋರ್‍ಕ್ಯೂ’ ಎಂಬ ಗೂಢಲಿಪಿಯ ಕ್ರಮಕ್ಕೆ ಈ ಸಂಖ್ಯೆಯೇ ತಳಪಾಯ. ಹೊರಬಿದ್ದ ಕಾಯಿಯನ್ನು ಬಲತುದಿಯಿಂದ ಮತ್ತೆ ಇಡುವ ಆ ಸೌಲಭ್ಯವೇ ಅದಕ್ಕೆ ಕಾರಣ. ಆದರೆ ಲ್ಯೂಕಾ ಇದನ್ನು ಕನಸಿನಲ್ಲೂ ಕಂಡಿರಲಾರ. ಸಂಖ್ಯೆ ಒಡೆಯುತ್ತದೆಯೋ ಇಲ್ಲವೋ ಎಂಬುದನ್ನು ತಿಳಿಯಬೇಕೆಂಬುದೊಂದೇ ಅವನ ಹಂಬಲ.

ಎರಡರ ಎರಡನೆಯ ಘಾತದಲ್ಲಿ ಒಂದು ಕಳೆದರೆ 3, ಮೂರನೆಯ ಘಾತದಲ್ಲಿ ಕಳೆದರೆ 7, ಏಳನೆಯದರಲ್ಲಿ 127, ನೂರಿಪ್ಪತ್ತೇಳನೆಯದರಲ್ಲಿ ನಮ್ಮ ಸಂಖ್ಯೆ. ಒಂದರ ಹೆಗಲ ಮೇಲೆ ಒಂದು ನಿಂತ ಈ ಐದೂ, ಮೊದಲಿನ ಎರಡೂ ಸೇರಿ, ಅವಿಭಾಜ್ಯಗಳೇ. ಮುಂದಿನದು? ಎರಡನ್ನು ಈ ಮೂವತ್ತೊಂಬತ್ತು ಅಂಕಿಯ ಸಂಖ್ಯೆಯಷ್ಟು ಸಲ ಗುಣಿಸಿ ಒಂದನ್ನು ಕಳೆದದ್ದು ಅವಿಭಾಜ್ಯವೇ? ಅದರ ಅಂಕಿಗಳನ್ನು ಬರೆಯಲು ಭೂಮಿಯ ಮೇಲಿನ ಕಾಗದವೆಲ್ಲವೂ ಸಾಲದು. ಯಾರೂ ಅರಿಯರು. ಆದರೆ ಉತ್ತರ ಇದೆ. ಅದು ಹೌದು ಅಥವಾ ಇಲ್ಲ. ನಾವು ಅರಿತರೂ ಅರಿಯದಿದ್ದರೂ ಅದು ಬದಲಾಗದು.

ವಿದ್ಯಾರ್ಥಿನಿಗೆ ಕೊಟ್ಟ ಮಾತಿನ ‘ನಾಳೆ’ ಹದಿನೈದು ದಿನಗಳಾಯಿತು. ಈ ವರ್ಷ ಷಟ್‍ಪ್ರತ್ಯಯಗಳನ್ನು ಬಿಡಲಿಲ್ಲ. ಹಲಗೆಯ ಮೇಲೆ ಮೂರು, ಐದು, ಎಂಟು ಬರೆದು, ಮುಂದಿನದೇನೆಂದು ಕೇಳಿದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಹದಿಮೂರೆಂದ. “ಹೇಗೆ ಹೇಳುತ್ತೀಯೆ?” ಎಂದೆ. “ಕೂಡಿ ನೋಡಿದೆ, ಸರ್” ಎಂದ. ಆರು ಮಾತ್ರೆಯ ಗಣದ ರೂಪಗಳನ್ನು ಒಂದೊಂದಾಗಿ ಬರೆಯಿಸಿದೆ. ಹದಿಮೂರೇ ಬಂದುವು.